ಬಾರ್ಬರಾ ಪಿಮ್ ಅವರ ಕಾದಂಬರಿಗಳು: ಅಂಚಿನಲ್ಲಿ ನಿಂತು ನೋಡುವವರ ಲೋಕ

ನಿಧಾನ ಓದು

ಇಂಗ್ಲಿಷ್ ಕಾದಂಬರಿಕಾರ್ತಿ ಬಾರ್ಬರಾ ಪಿಮ್ ಅವರ ಹೆಸರು ಎಲ್ಲಿ ಬಂದರೂ ಅದರ ಹಿಂದೆಯೇ ಒಂದು ಕಥೆಯೂ ಬರುತ್ತದೆ. 1950ರಿಂದ 1961ರವರೆಗೆ ಆರು ಕಾದಂಬರಿಗಳನ್ನು ಪ್ರಕಟಿಸಿದ್ದ ಈ ಲೇಖಕಿಯ ಏಳನೆಯ ಹಸ್ತಪ್ರತಿಯನ್ನು 1963ರಲ್ಲಿ ಅದೇ ಪ್ರಕಾಶನ ಸಂಸ್ಥೆ ಒಲ್ಲೆನೆಂದು ಹಿಂದಕ್ಕೆ ಕಳಿಸಿತು. ಬೇರೆ ಪ್ರಕಾಶಕರೂ ಬೇಡವೆಂದರು. 1977ರ ಜನವರಿಯಲ್ಲಿ ಟೈಮ್ಸ್ ಲಿಟರರಿ ಸಪ್ಲಿಮೆಂಟ್ ಪತ್ರಿಕೆಯು, ಯೋಗ್ಯತೆಗೆ ತಕ್ಕ ಮನ್ನಣೆ ಸಿಗದ ಲೇಖಕರು ಯಾರೆಂದು ಹಲವರನ್ನು ಕೇಳಿದಾಗ, ಕವಿ ಫಿಲಿಪ್ ಲಾರ್ಕಿನ್ ಮತ್ತು ವಿಮರ್ಶಕ ಲಾರ್ಡ್ ಡೇವಿಡ್ ಸೆಸಿಲ್ ಇಬ್ಬರೂ ಪಿಮ್ ಹೆಸರನ್ನೇ ಹೇಳಿದರು. ಬದುಕಿದ್ದ ಲೇಖಕರಲ್ಲಿ ಇಬ್ಬರಿಂದ ಹೆಸರಿಸಲ್ಪಟ್ಟವರು ಅವರೊಬ್ಬರೇ. ಅದೇ ವರ್ಷ ಹೊಸ ಕಾದಂಬರಿ ಹೊರಬಂದು ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಸೇರಿತು.

ಈ ಕಥೆ ನಿಜವೇ. ಆದರೆ ಅದನ್ನು ಮೊದಲು ಕೇಳಿದವರು ಪಿಮ್ ಕಾದಂಬರಿಗಳನ್ನು ಕನಿಕರದಿಂದ ಓದತೊಡಗುತ್ತಾರೆ, ಮತ್ತು ಆ ಕಾದಂಬರಿಗಳಿಗೆ ಯಾರ ಕನಿಕರವೂ ಬೇಕಾಗಿಲ್ಲ. ಅವರು ಬರೆದದ್ದು ಒಂದೇ ವಿಷಯವನ್ನು ಕುರಿತು ಎಂದು ನನಗೆ ಅನ್ನಿಸುತ್ತದೆ: ಬೇರೆಯವರ ಬದುಕಿನ ಅಂಚಿನಲ್ಲಿ ನಿಂತು ನೋಡುವವರಿಗೆ ಆ ನೋಟದಿಂದ ದಕ್ಕುವುದೇನು, ಅದಕ್ಕಾಗಿ ಅವರು ತೆರುವ ಬೆಲೆ ಏನು ಎಂಬುದು. ಮೊದಲ ಆರು ಕಾದಂಬರಿಗಳಲ್ಲಿ ನೋಡುವುದೇ ಒಂದು ಸುಖ. ಹದಿನಾರು ವರ್ಷಗಳ ಬಳಿಕ ಬಂದ 'ಕ್ವಾರ್ಟೆಟ್ ಇನ್ ಆಟಮ್'ನಲ್ಲಿ ಅದೇ ನೋಟ ಇದೆ, ಅದರ ಸುಖ ಮಾತ್ರ ಹೆಚ್ಚು ಕಡಿಮೆ ಬತ್ತಿಹೋಗಿದೆ. ಈ ಬದಲಾವಣೆಯ ಬಗ್ಗೆ ಇಲ್ಲಿನ ಓದುಗರು ಏನು ಹೇಳುತ್ತಾರೆಂದು ತಿಳಿಯುವ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಓದದವರಿಗಾಗಿ ಬದುಕಿನ ಒಂದಷ್ಟು ವಿವರ. ಪಿಮ್ ಹುಟ್ಟಿದ್ದು 1913ರ ಜೂನ್ 2ರಂದು, ವೇಲ್ಸ್ ಗಡಿಗೆ ಹತ್ತಿರವಿರುವ ಆಸ್ವೆಸ್ಟ್ರಿ ಎಂಬ ಪಟ್ಟಣದಲ್ಲಿ. ತಂದೆ ವಕೀಲರು. 1931ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಹಿಲ್ಡಾಸ್ ಕಾಲೇಜಿಗೆ ಸೇರಿ ಇಂಗ್ಲಿಷ್ ಸಾಹಿತ್ಯ ಓದಿದರು. ಅಲ್ಲಿ ಹೆನ್ರಿ ಹಾರ್ವೆ ಎಂಬ ವಿದ್ಯಾರ್ಥಿಯನ್ನು ವರ್ಷಗಟ್ಟಲೆ ಪ್ರೀತಿಸಿದರು, ಆತ ಮುಂದೆ ಇನ್ನೊಬ್ಬರನ್ನು ಮದುವೆಯಾದರು. ಆ ಪ್ರೀತಿಯ ನೋವಿನ ನಡುವೆ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವರು ಬರೆಯಲು ಹಿಡಿದದ್ದು ಎಂಥ ಕಾದಂಬರಿ ನೋಡಿ: ತಾನೂ ತಂಗಿ ಹಿಲರಿಯೂ ಐವತ್ತು ದಾಟಿದ ಅವಿವಾಹಿತ ಅಕ್ಕತಂಗಿಯರಾಗಿ ಒಂದು ಹಳ್ಳಿಯಲ್ಲಿ ವಾಸವಾಗಿದ್ದಾರೆ, ಹೆನ್ರಿ ಅದೇ ಹಳ್ಳಿಯ ಗತ್ತಿನ, ಸೋಮಾರಿ ಆರ್ಚ್‌ಡೀಕನ್ (ಹಿರಿಯ ಪಾದ್ರಿ) ಆಗಿದ್ದಾನೆ, ಅಕ್ಕ ಬೆಲಿಂಡಾ, ಅಂದರೆ ಪಿಮ್ ಅವರದೇ ಪ್ರತಿರೂಪ, ಮೂವತ್ತು ವರ್ಷಗಳಿಂದ ಆತನನ್ನು ಪ್ರೀತಿಸುತ್ತಲೇ ಇದ್ದಾಳೆ. ತನ್ನ ಪ್ರೇಮವು ಮುದಿಯಾದ ಮೇಲೆ ಹೇಗೆ ಕಾಣಬಹುದೆಂದು ಆ ಎಳೆಯ ವಯಸ್ಸಿನಲ್ಲೇ ಕೂತು ಲೆಕ್ಕ ಹಾಕಿದ ಈ ಧೈರ್ಯವೇ ನನ್ನನ್ನು ಮೊದಲು ಸೆಳೆದದ್ದು. ಆ ಕಾದಂಬರಿ, 'ಸಮ್ ಟೇಮ್ ಗಜೆಲ್', ತಿದ್ದುಪಡಿಗಳ ನಂತರ 1950ರಲ್ಲಿ ಜೊನಾಥನ್ ಕೇಪ್ ಸಂಸ್ಥೆಯಿಂದ ಪ್ರಕಟವಾಯಿತು. ಮುಂದಿನ ಬದುಕು ಅವರು ಊಹಿಸಿದಂತೆಯೇ ಸಾಗಿತು ಎಂಬುದು ಕಾಕತಾಳೀಯವೇ ಇರಬಹುದು. ಹಿಲರಿಯ ದಾಂಪತ್ಯ ಮುರಿದ ಬಳಿಕ ಅಕ್ಕತಂಗಿಯರು ಕೊನೆಯವರೆಗೂ ಒಂದೇ ಮನೆಯಲ್ಲಿ ಬಾಳಿದರು.

ಆ ಕಾದಂಬರಿಯ ಒಂದು ದೃಶ್ಯವನ್ನಷ್ಟೇ ಎತ್ತಿಕೊಳ್ಳುತ್ತೇನೆ. ಮನೆಗೆ ಬಂದು ಬಟ್ಟೆ ಹೊಲಿದುಕೊಡುವ ಮಿಸ್ ಪ್ರಯರ್‌ಗೆ ಬೆಲಿಂಡಾ ಮಧ್ಯಾಹ್ನದ ಊಟಕ್ಕೆ ಹೂಕೋಸು ಮತ್ತು ಚೀಸಿನ ಅಡುಗೆ ಕೊಡುತ್ತಾಳೆ. ಬಳಿಕ ನೋಡಿದರೆ ತಟ್ಟೆಯಲ್ಲಿ ಒಂದು ಕಂಬಳಿಹುಳು. ಇಷ್ಟೇ ಘಟನೆ. ಆದರೆ ಹೊಲಿಗೆಯಾಕೆ ಬಡವಿ, ಸ್ವಾಭಿಮಾನಿ, ಯಾವ ಮನೆಯಲ್ಲಿ ತನಗೆ ಎಂಥ ಊಟ ಹಾಕುತ್ತಾರೆಂದು ಮನಸ್ಸಿನಲ್ಲೇ ಗುರುತಿಟ್ಟುಕೊಳ್ಳುವವಳು. ಬೆಲಿಂಡಾ ಉಳ್ಳವಳಾದರೂ ಆಕೆಯ ಅಭಿಪ್ರಾಯಕ್ಕೆ ಅಂಜುವವಳು. ಯಾರು ಯಾರಿಗೆ ಋಣಿ, ಯಾರ ಮಾನ ಯಾರ ಕೈಯಲ್ಲಿದೆ ಎಂಬ ಇಡೀ ಹಳ್ಳಿಯ ವ್ಯವಸ್ಥೆಯು ಆ ಒಂದು ತಟ್ಟೆಯಲ್ಲಿ ಕಂಡುಬಿಡುತ್ತದೆ. ಹೊಲಿಗೆಯಾಕೆ ದೊಡ್ಡ ಮನಸ್ಸಿನಿಂದ ಕ್ಷಮಿಸಿದಾಗ ಬೆಲಿಂಡಾಳಿಗೆ ಕಣ್ಣು ತುಂಬುವಷ್ಟು ನೆಮ್ಮದಿಯಾಗುತ್ತದೆ. ಅದನ್ನು ಓದಿ ನಗು ಬರುತ್ತದೆ, ಆದರೆ ಆ ನಗುವಿನಲ್ಲಿ ಇಬ್ಬರಲ್ಲಿ ಯಾರೂ ಕೀಳಾಗುವುದಿಲ್ಲ.

ಹೊಸ ಸದಸ್ಯೆ

ತುಂಬ ಉಪಯುಕ್ತವಾದ ಬರಹ, ಧನ್ಯವಾದಗಳು. ನಾನು 'ಎಕ್ಸಲೆಂಟ್ ವಿಮೆನ್' ಒಂದನ್ನೇ ಓದಿದ್ದೇನೆ, ಬಹಳ ಇಷ್ಟವಾಯಿತು. ಆರು ಪುಸ್ತಕಗಳನ್ನು ತಾವೇ ಪ್ರಕಟಿಸಿದ್ದ ಸಂಸ್ಥೆ ಏಳನೆಯದನ್ನು ಏಕೆ ಬೇಡವೆಂದಿತು ಎಂಬುದು ಮಾತ್ರ ಅರ್ಥವಾಗಲಿಲ್ಲ. ಆ ಹಸ್ತಪ್ರತಿ ಅಷ್ಟು ದುರ್ಬಲವಾಗಿತ್ತೇ?

ಗ್ರಂಥಾಲಯದ ಮೆಟ್ಟಿಲು

ಹೊಸ ಸದಸ್ಯೆಯವರೇ, ವೃತ್ತಿಯಿಂದ ಗ್ರಂಥಪಾಲಕಿಯಾದ ನನಗೆ ಈ ಪ್ರಶ್ನೆಯ ಬಗ್ಗೆ ವಿಶೇಷ ಆಸಕ್ತಿಯಿದೆ. 'ಆ್ಯನ್ ಅನ್‌ಸೂಟಬಲ್ ಅಟ್ಯಾಚ್‌ಮೆಂಟ್' ಎಂಬ ಆ ಕಾದಂಬರಿ ಪಿಮ್ ತೀರಿಕೊಂಡ ಮೇಲೆ, 1982ರಲ್ಲಿ, ಅಚ್ಚಾಯಿತು. ಅವರ ಅತ್ಯುತ್ತಮ ಕೃತಿಗಳ ಸಾಲಿನಲ್ಲಿ ಅದನ್ನು ನಾನು ಇಡುವುದಿಲ್ಲ, ಆದರೆ ಹಿಂದಕ್ಕೆ ಕಳಿಸಬೇಕಾದಷ್ಟು ಕಳಪೆಯೂ ಅಲ್ಲ. ಕಾರಣವನ್ನು ಹಸ್ತಪ್ರತಿಯ ಹೊರಗೆ ಹುಡುಕಬೇಕು.

ಪಿಮ್ ಪುಸ್ತಕಗಳು ಮಾರಾಟವಾಗುತ್ತಿದ್ದದ್ದು ಕೆಲವೇ ಸಾವಿರ ಪ್ರತಿಗಳು, ಮತ್ತು ಅಂಥ ಲೇಖಕರ ಪುಸ್ತಕಗಳ ಮುಖ್ಯ ಗಿರಾಕಿಗಳು ಓದುಗರಿಗಿಂತ ಹೆಚ್ಚಾಗಿ ಗ್ರಂಥಾಲಯಗಳಾಗಿದ್ದವು. ಇಂಗ್ಲೆಂಡಿನಲ್ಲಿ ಆಗ ಚಂದಾ ಕಟ್ಟಿ ಪುಸ್ತಕ ಪಡೆಯುವ ಖಾಸಗಿ ಗ್ರಂಥಾಲಯಗಳಿದ್ದವು. ಔಷಧಿ ಅಂಗಡಿಗಳ ಸರಣಿಯಾದ ಬೂಟ್ಸ್ ತನ್ನ ಅಂಗಡಿಗಳಲ್ಲೇ ಇಂಥ ಗ್ರಂಥಾಲಯ ನಡೆಸುತ್ತಿತ್ತು, ಪುಸ್ತಕ ಮತ್ತು ಪತ್ರಿಕೆಗಳ ವ್ಯಾಪಾರಿ ಡಬ್ಲ್ಯು. ಎಚ್. ಸ್ಮಿತ್ ಕೂಡ ನಡೆಸುತ್ತಿತ್ತು. ಮಧ್ಯಮ ವರ್ಗದ ಹೆಂಗಸರು ಪೇಟೆಗೆ ಹೋದಾಗ ಸಾಬೂನು, ಮಾತ್ರೆಗಳ ಜೊತೆಗೆ ಒಂದು ಹೊಸ ಕಾದಂಬರಿಯನ್ನೂ ಎರವಲು ತರುತ್ತಿದ್ದರು. ಸ್ಮಿತ್ ಗ್ರಂಥಾಲಯ 1961ರಲ್ಲಿ ಮುಚ್ಚಿತು, ಬೂಟ್ಸ್ 1966ರಲ್ಲಿ. ನಿರಾಕರಣೆಗೆ ಮುನ್ನ ಪಿಮ್ ಕೊನೆಯದಾಗಿ ಪ್ರಕಟಿಸಿದ ವರ್ಷವೂ 1961 ಎಂಬುದನ್ನು ಗಮನಿಸಿ. ಕಾಗದ ಮತ್ತು ಅಚ್ಚಿನ ವೆಚ್ಚ ಏರುತ್ತಿದ್ದಾಗಲೇ ಖಚಿತವಾಗಿ ಕೊಳ್ಳುತ್ತಿದ್ದ ಗಿರಾಕಿಗಳು ಕರಗುತ್ತಿದ್ದರು. ಇದರ ಜೊತೆಗೆ ಸಂಸ್ಥೆಯ ಸ್ಥಾಪಕ ಜೊನಾಥನ್ ಕೇಪ್ 1960ರಲ್ಲಿ ತೀರಿಕೊಂಡು, ಸಂಪಾದಕೀಯ ವಿಭಾಗ ಹೊಸ ತಲೆಮಾರಿನವರ ಕೈಗೆ ಬಂದಿತ್ತು. ಅವರ ಕಣ್ಣಿಗೆ ಪಾದ್ರಿಗಳು, ಚಹಾಕೂಟಗಳು, ಚರ್ಚಿನ ಸಹಾಯಾರ್ಥ ಮಾರಾಟಗಳು ಹಿಂದಿನ ಯುಗದ ಸರಕಾಗಿ ಕಂಡವು.

ಹೀಗಾಗಿ ಪಿಮ್ ಅವರಿಗೆ ಆದದ್ದು ಒಬ್ಬ ವ್ಯಕ್ತಿಯ ಕ್ರೌರ್ಯದಿಂದ ಆದ ಅನ್ಯಾಯ ಎನ್ನುವುದಕ್ಕಿಂತ, ಅವರನ್ನು ಓದುಗರಿಗೆ ತಲುಪಿಸುತ್ತಿದ್ದ ದಾರಿಯೇ ಮುಚ್ಚಿಹೋದದ್ದು ಎಂದು ತಿಳಿಯುವುದು ಸರಿ. ಓದುಗರು ಎಲ್ಲಿಗೂ ಹೋಗಿರಲಿಲ್ಲ. ಹದಿನಾರು ವರ್ಷವೂ ಅವರು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹಳೆಯ ಆರು ಪುಸ್ತಕಗಳನ್ನೇ ಕೇಳಿ ಪಡೆದು ಓದುತ್ತಿದ್ದರು. ಲಾರ್ಕಿನ್ ಕೂಡ ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕರೇ ಆಗಿದ್ದರು. ಅವರು ಪಿಮ್‌ಗೆ ಮೊದಲ ಪತ್ರ ಬರೆದದ್ದು 1961ರಲ್ಲಿ, ಇಬ್ಬರೂ ಮುಖಾಮುಖಿ ಭೇಟಿಯಾದದ್ದು 1975ರಲ್ಲಿ, ಆಕ್ಸ್‌ಫರ್ಡಿನ ಒಂದು ಹೋಟೆಲಿನಲ್ಲಿ. ನಡುವಿನ ಅಷ್ಟೂ ವರ್ಷ ಪತ್ರಗಳಲ್ಲೇ ಸ್ನೇಹ ಬೆಳೆಯಿತು. 1965ರಲ್ಲಿ ಲಾರ್ಕಿನ್ ತಮ್ಮ ಪ್ರಕಾಶಕರಾದ ಫೇಬರ್ ಸಂಸ್ಥೆಗೆ ಪಿಮ್ ಪರವಾಗಿ ಬರೆದು ಶಿಫಾರಸು ಮಾಡಿದರು, ಅಲ್ಲಿಯೂ ಕೆಲಸವಾಗಲಿಲ್ಲ.

ಮಾನವಶಾಸ್ತ್ರದ ಮೇಷ್ಟ್ರು

ಚರ್ಚೆ ಆರಂಭಿಸಿದವರು ನೋಡುವ ಸುಖದ ಮಾತೆತ್ತಿದ್ದಾರೆ. ಆ ನೋಟ ಎಲ್ಲಿ ಪಳಗಿತು ಎಂಬುದನ್ನು ಹೇಳದಿದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಯುದ್ಧಕಾಲದಲ್ಲಿ ಪಿಮ್ ಬ್ರಿಸ್ಟಲ್‌ನಲ್ಲಿ ಪತ್ರಗಳ ಸೆನ್ಸಾರ್ ಕೆಲಸ ಮಾಡಿದರು, ಅಂದರೆ ಅಪರಿಚಿತರ ಕಾಗದಗಳನ್ನು ಒಡೆದು ಓದುವುದೇ ಅವರ ಉದ್ಯೋಗವಾಗಿತ್ತು. 1943ರಲ್ಲಿ ನೌಕಾಪಡೆಯ ಮಹಿಳಾ ವಿಭಾಗಕ್ಕೆ ಸೇರಿ ನೇಪಲ್ಸ್‌ವರೆಗೂ ಹೋಗಿಬಂದರು. 1946ರಲ್ಲಿ ಲಂಡನ್ನಿನ ಇಂಟರ್‌ನ್ಯಾಷನಲ್ ಆಫ್ರಿಕನ್ ಇನ್‌ಸ್ಟಿಟ್ಯೂಟ್ ಸೇರಿದವರು 1974ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ನಿರ್ದೇಶಕರು ಹೆಸರಾಂತ ಮಾನವಶಾಸ್ತ್ರಜ್ಞ ಡ್ಯಾರಿಲ್ ಫೋರ್ಡ್. ಅಲ್ಲಿಂದ ಹೊರಡುತ್ತಿದ್ದ 'ಆಫ್ರಿಕಾ' ಎಂಬ ವಿದ್ವತ್ಪತ್ರಿಕೆಯ ಸಂಪಾದನೆಯಲ್ಲಿ ನೆರವಾಗುವುದು, ಗ್ರಂಥಗಳ ಕರಡು ತಿದ್ದುವುದು, ಪದಸೂಚಿ ತಯಾರಿಸುವುದು ಪಿಮ್ ಅವರ ನಿತ್ಯದ ಕೆಲಸವಾಗಿತ್ತು. ಅವರು ಆಫ್ರಿಕಾಗೆ ಎಂದೂ ಹೋದವರಲ್ಲ. ಆದರೆ ಕುಲ, ಬಂಧುತ್ವ, ಉಡುಗೊರೆ, ವಿಧಿ, ನಿಷೇಧ ಎಂಬ ಪರಿಭಾಷೆಯಲ್ಲಿ ಜನಜೀವನವನ್ನು ಬಿಡಿಸಿಡುವ ನೂರಾರು ಪುಟಗಳು ಅವರ ಮೇಜಿನ ಮೇಲೆ ದಿನವೂ ಹಾಯುತ್ತಿದ್ದವು.

ಅವರು ಆ ಕಣ್ಣನ್ನು ಲಂಡನ್ನಿನ ಮೇಲೆ ತಿರುಗಿಸಿದರು. ಕ್ಷೇತ್ರಕಾರ್ಯ ಮಾಡುವವರು ಯಾವುದನ್ನೂ ಸಣ್ಣದೆಂದು ಬಿಡುವಂತಿಲ್ಲ. ಯಾರು ಮೊದಲು ಉಣ್ಣುತ್ತಾರೆ, ಯಾರು ಯಾರಿಗೆ ಬಡಿಸುತ್ತಾರೆ ಎಂಬುದರಲ್ಲೇ ಸಮಾಜದ ರಚನೆ ಇರುತ್ತದೆಂದು ನಾವು ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಹೇಳಿಕೊಡುತ್ತೇವೆ. 'ಎಕ್ಸಲೆಂಟ್ ವಿಮೆನ್'ನ (1952) ನಿರೂಪಕಿ ಮಿಲ್‌ಡ್ರೆಡ್ ಲ್ಯಾತ್‌ಬರಿ ಒಬ್ಬ ಪಾದ್ರಿಯ ಮಗಳು, ಮೂವತ್ತು ದಾಟಿದವಳು, ಒಬ್ಬಂಟಿ. ಯುದ್ಧ ಮುಗಿದು ಪಡಿತರ ಇನ್ನೂ ಮುಂದುವರಿದಿರುವ ಕಾಲ. ಬಾಂಬಿಗೆ ಸಿಕ್ಕಿ ಪಾಳುಬಿದ್ದ ಚರ್ಚಿನಲ್ಲಿ ಉಳಿದಿರುವ ಒಂದೇ ಪಾರ್ಶ್ವದಲ್ಲಿ ಜನ ಒತ್ತೊತ್ತಾಗಿ ಕೂತು ಪ್ರಾರ್ಥಿಸುತ್ತಾರೆ. ಮಿಲ್‌ಡ್ರೆಡ್ ಇರುವ ಮನೆಯ ಕೆಳಮಹಡಿಗೆ ಹೆಲೆನಾ ನೇಪಿಯರ್ ಎಂಬ ಮಾನವಶಾಸ್ತ್ರಜ್ಞೆ ಬಾಡಿಗೆಗೆ ಬರುತ್ತಾಳೆ. ಸ್ನಾನದ ಮನೆಯೂ ಶೌಚಾಲಯವೂ ಎರಡು ಬಿಡಾರಗಳಿಗೂ ಸೇರಿ ಒಂದೇ. ಶೌಚದ ಕಾಗದವನ್ನು ಯಾರು ತಂದಿಡಬೇಕೆಂಬ ಮಾತು ಹೊರಗೆಡವಲಾಗದ ಚಿಂತೆಯಾಗಿ ಮಿಲ್‌ಡ್ರೆಡ್‌ಳನ್ನು ಕಾಡುತ್ತದೆ. ಆಫ್ರಿಕಾದ ಬಂಧುತ್ವವನ್ನು ಅಭ್ಯಾಸ ಮಾಡಿರುವ ಹೆಲೆನಾಗೆ ತನ್ನ ಮಹಡಿಯ ಮೇಲಿರುವ ಈ ಸಂಬಂಧದ ಸೂಕ್ಷ್ಮ ಕಾಣುವುದೇ ಇಲ್ಲ. ಕಾಣುವುದು ಯಾವ ತರಬೇತಿಯೂ ಇಲ್ಲದ ಮಿಲ್‌ಡ್ರೆಡ್‌ಗೆ.

ಅದೇ ಕಾದಂಬರಿಯಲ್ಲಿ ಚರ್ಚಿನ ಹೆಂಗಸರೆಲ್ಲ ಸೇರಿರುವಾಗ ಮತ್ತೆ ಚಹಾ ಮಾಡಲು ಹೊರಟವಳನ್ನು ಮಿಲ್‌ಡ್ರೆಡ್, ನಮಗೆ ಈಗ ನಿಜವಾಗಿ ಚಹಾ ಬೇಕೇ ಎಂದು ಕೇಳಿಬಿಡುತ್ತಾಳೆ. ಆಕೆ ಕಂಗೆಟ್ಟು, ಹೆಚ್ಚು ಕಡಿಮೆ ಸಿಟ್ಟಿನಿಂದ ಮಿಲ್‌ಡ್ರೆಡ್‌ಳ ಮುಖ ನೋಡುತ್ತಾಳೆ. ಅಲುಗಾಡಿಸಬಾರದ ಯಾವುದೋ ಅಡಿಗಲ್ಲಿಗೆ ಕೈ ಹಾಕಿದೆನೆಂದು ಮಿಲ್‌ಡ್ರೆಡ್‌ಗೆ ಆಗ ಹೊಳೆಯುತ್ತದೆ. ಒಂದು ವಿಧಿಯನ್ನು ಅದರೊಳಗಿನವರೇ ಪ್ರಶ್ನಿಸಿದರೆ ಏನಾಗುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತರಗತಿಯಲ್ಲಿ ಸಿಕ್ಕಿಲ್ಲ.

ಇನ್ನು 'ಲೆಸ್ ದ್ಯಾನ್ ಏಂಜಲ್ಸ್' (1955) ಇಡೀ ಕಾದಂಬರಿಯೇ ಮಾನವಶಾಸ್ತ್ರಜ್ಞರ ಸಮುದಾಯವನ್ನು ಕುರಿತದ್ದು. ಆಫ್ರಿಕಾದಿಂದ ನಿವೃತ್ತನಾಗಿ ಬಂದ ಅಲಾರಿಕ್ ಲಿಡ್‌ಗೇಟ್ ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿಗಳನ್ನು ಗ್ರಂಥವಾಗಿಸಲಾರದೆ ಒದ್ದಾಡುತ್ತಾನೆ, ಕೊನೆಗೆ ಹಿತ್ತಿಲಿನಲ್ಲಿ ಬೆಂಕಿ ಹಾಕಿ ಅವನ್ನು ಸುಡುತ್ತಾನೆ. ವಿದ್ವತ್ತಿನ ಲೋಕದಲ್ಲಿ ಬಾಳಿದವರಿಗೆ ಅದು ಘೋರವಾದ ದೃಶ್ಯ, ಆದರೆ ಪಿಮ್ ಅದನ್ನು ಬಿಡುಗಡೆಯಾಗಿ ಬರೆದಿದ್ದಾರೆ. ಕೆಲಸದ ಮೇಜಿನ ಮೇಲೆ ಅಂಥ ಎಷ್ಟು ಹಸ್ತಪ್ರತಿಗಳನ್ನು ಅವರು ಕಂಡಿದ್ದರೋ!

ಮರುಪ್ರಶ್ನೆ

ಇಲ್ಲಿನ ಮೆಚ್ಚುಗೆಯನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ.

ಮೇಷ್ಟ್ರು ಹೇಳಿದ ಸಂಸ್ಥೆ 1926ರಲ್ಲಿ ಆರಂಭವಾದದ್ದು. ಅದರ ಮೊದಲ ಅಧ್ಯಕ್ಷರು ನೈಜೀರಿಯಾವನ್ನು ಆಳಿದ, ನಮ್ಮ ಪಕ್ಕದ ಮದ್ರಾಸಿನಲ್ಲೇ ಹುಟ್ಟಿದ ಲಾರ್ಡ್ ಲುಗಾರ್ಡ್. ವಸಾಹತು ಆಡಳಿತಕ್ಕೂ ಆ ಜ್ಞಾನಕ್ಕೂ ಇದ್ದ ನಂಟು ಗುಟ್ಟೇನೂ ಅಲ್ಲ. ಪಿಮ್ ಅಲ್ಲಿದ್ದ ಇಪ್ಪತ್ತೆಂಟು ವರ್ಷಗಳಲ್ಲಿ ಘಾನಾ, ನೈಜೀರಿಯಾ, ಕೀನ್ಯಾ ಒಂದೊಂದಾಗಿ ಸ್ವತಂತ್ರವಾದವು. ಆ ಕಾಲದ ಅವರ ಕಾದಂಬರಿಗಳಲ್ಲಿ ಆಫ್ರಿಕಾ ಎಂದರೆ ಸಂಶೋಧಕರು ಹೋಗಿ ಬರುವ ಒಂದು ದೂರದ ಜಾಗ, ಅಷ್ಟೇ. ಅದಕ್ಕೂ ಹಿಂದೆ, 1930ರ ದಶಕದಲ್ಲಿ, ಅವರು ಹಲವು ಬಾರಿ ಜರ್ಮನಿಗೆ ಹೋಗಿದ್ದರು. ಎಸ್‌ಎಸ್‌ ಎಂಬ ನಾಜಿ ಪಡೆಗೆ ಸೇರಿದ್ದ ಫ್ರೀಡ್‌ಬರ್ಟ್ ಗ್ಲುಕ್ ಎಂಬಾತನ ಜೊತೆ ಅವರಿಗೆ ಪ್ರೇಮವಿತ್ತು, ಮತ್ತು ಅಲ್ಲಿ ನಡೆಯುತ್ತಿದ್ದದ್ದು ಏನೆಂದು ತಿಳಿಯಲು ಅವರಿಗೆ ಬಹಳ ಕಾಲ ಹಿಡಿಯಿತು. ಪೌಲಾ ಬರ್ನ್ 2021ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಇದನ್ನೆಲ್ಲ ವಿವರವಾಗಿ ಹೇಳುತ್ತದೆ. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲವರೆಂದು ನಾವು ಹೊಗಳುವ ಲೇಖಕಿ, ಕಣ್ಣೆದುರಿಗಿದ್ದ ಅಷ್ಟು ದೊಡ್ಡದನ್ನು ಕಾಣದೆ ಹೋದರು ಎಂಬುದು ಸಣ್ಣ ಮಾತಲ್ಲ. ಕಂಬಳಿಹುಳುವಿನಲ್ಲಿ ಇಡೀ ಹಳ್ಳಿ ಕಾಣುತ್ತದೆ, ಒಪ್ಪೋಣ. ಆದರೆ ಆ ಹಳ್ಳಿಯ ಚಹಾ, ಸಕ್ಕರೆ ಎಲ್ಲಿಂದ ಬಂದವು ಎಂಬುದು ಕಾಣುವುದಿಲ್ಲ.

ನಿಧಾನ ಓದು

ಮರುಪ್ರಶ್ನೆಯವರೇ, ಜರ್ಮನಿಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಬಳಿ ಪ್ರತಿವಾದವಿಲ್ಲ. ಆಕೆಗೆ ಆಗ ಇಪ್ಪತ್ತರ ಹರೆಯ ಎಂಬುದು ವಿವರಣೆಯಾದೀತು, ಸಮರ್ಥನೆಯಾಗದು. 'ಸಮ್ ಟೇಮ್ ಗಜೆಲ್'ನ ಮೊದಲ ಕರಡಿನಲ್ಲಿದ್ದ ಜರ್ಮನ್ ವ್ಯಾಮೋಹದ ಉಲ್ಲೇಖಗಳನ್ನು ಪ್ರಕಟಣೆಗೆ ಮುನ್ನ ತೆಗೆದುಹಾಕಿದ್ದೂ ಹೌದು.

ಆದರೆ ಆಫ್ರಿಕಾದ ಬಗ್ಗೆ ನಿಮ್ಮ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಲಾರೆ. 'ಲೆಸ್ ದ್ಯಾನ್ ಏಂಜಲ್ಸ್'ನಲ್ಲಿ ಟಾಮ್ ಮ್ಯಾಲೊ ಎಂಬ ತರುಣ ಸಂಶೋಧಕ ಆಫ್ರಿಕಾದಲ್ಲಿ ಒಂದು ರಾಜಕೀಯ ಗಲಭೆಯ ನಡುವೆ ಗುಂಡಿಗೆ ಸಿಕ್ಕಿ ಸಾಯುತ್ತಾನೆ. ಆತ ಅಲ್ಲಿಗೆ ಹೋಗಿದ್ದದ್ದು ಹೋರಾಟದ ಮೇಲಿನ ನಿಷ್ಠೆಯಿಂದಲ್ಲ, ಕುತೂಹಲದಿಂದ. ಆ ಸಾವಿಗೆ ಪಿಮ್ ಕೊಟ್ಟಿರುವುದು ಕೆಲವೇ ಸಾಲುಗಳು. ಬೇರೆಯವರ ಬದುಕನ್ನು ಬರೀ ನೋಡಲು ಹೋದವನು ಆ ಬದುಕಿನ ಇತಿಹಾಸಕ್ಕೆ ಬಲಿಯಾಗುತ್ತಾನೆ. ನೋಟಕ್ಕೂ ಒಂದು ಬೆಲೆಯಿದೆ ಎಂದು ನಾನು ಮೊದಲು ಹೇಳಿದ್ದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷ್ಯ ಬೇರಿಲ್ಲ.

'ಕ್ವಾರ್ಟೆಟ್ ಇನ್ ಆಟಮ್'ನಲ್ಲಂತೂ ಆಫ್ರಿಕಾ ಲಂಡನ್ನಿಗೇ ಬಂದಿದೆ. ಅದರ ಮುಖ್ಯ ಪಾತ್ರಗಳಲ್ಲಿ ಒಬ್ಬಳಾದ ಲೆಟಿ ಬಾಡಿಗೆಗಿರುವ ಮನೆಯನ್ನು ನೈಜೀರಿಯಾದ ಓಲಾಟುಂಡೆ ಎಂಬ ಧರ್ಮಗುರು ಕೊಳ್ಳುತ್ತಾರೆ. ಮನೆ ತುಂಬ ಜನ, ಗಟ್ಟಿಯಾದ ಭಜನೆ, ಒಗ್ಗರಣೆಯ ಘಾಟು. ತನ್ನ ಕೋಣೆಯಲ್ಲಿ ಒಬ್ಬಳೇ ಕೂತ ಲೆಟಿ ಸದ್ದು ಕಡಿಮೆ ಮಾಡಬಹುದೇ ಎಂದು ಸಂಕೋಚದಿಂದ ಕೇಳಿದರೆ, ಆತ ನಗುಮುಖದಿಂದಲೇ, ಕ್ರೈಸ್ತ ಧರ್ಮವೇ ನೆಮ್ಮದಿ ಕೆಡಿಸುವಂಥದ್ದು ಎಂಬರ್ಥದ ಉತ್ತರ ಕೊಟ್ಟು, ತಮ್ಮ ಊಟಕ್ಕೂ ಕರೆಯುತ್ತಾರೆ. ಲೆಟಿ ಹೋಗುವುದಿಲ್ಲ, ಬೇರೆ ಕೋಣೆ ಹುಡುಕಿಕೊಳ್ಳುತ್ತಾಳೆ. ಜೀವಂತಿಕೆ ಬಾಗಿಲು ತಟ್ಟಿ ಕರೆದಾಗ ಇಂಗ್ಲೆಂಡಿನ ಆ ಸಭ್ಯತೆಗೆ ಎದ್ದು ಹೋಗುವ ಶಕ್ತಿ ಇರಲಿಲ್ಲ ಎಂಬುದನ್ನು ಪಿಮ್ ಬರೆದಿದ್ದಾರೆ, ಮತ್ತು ದೋಷವನ್ನು ಓಲಾಟುಂಡೆಯವರ ಮೇಲೆ ಹೊರಿಸಿಲ್ಲ.

ಹೊಸ ಸದಸ್ಯೆ

'ಕ್ವಾರ್ಟೆಟ್ ಇನ್ ಆಟಮ್' ಇಷ್ಟು ಬಾರಿ ಬಂದಿದ್ದರಿಂದ ಕೇಳುತ್ತಿದ್ದೇನೆ: ಅದು ತೀರ ನಿರಾಶೆಯ ಪುಸ್ತಕವೇ? ಮಿಲ್‌ಡ್ರೆಡ್‌ಳ ಲವಲವಿಕೆಯ ನಂತರ ಅದನ್ನು ಓದಲು ಹಿಂಜರಿಕೆಯಾಗುತ್ತಿದೆ.

ಗ್ರಂಥಾಲಯದ ಮೆಟ್ಟಿಲು

ಹಿಂಜರಿಯಬೇಡಿ, ಆದರೆ ಮೂರ್ನಾಲ್ಕು ಹಳೆಯ ಕಾದಂಬರಿಗಳನ್ನು ಓದಿದ ಮೇಲೆ ಅದಕ್ಕೆ ಬನ್ನಿ.

ಒಂದೇ ಕಚೇರಿಯ ಒಂದೇ ಕೋಣೆಯಲ್ಲಿ ಕೆಲಸ ಮಾಡುವ, ಅರುವತ್ತರ ಆಸುಪಾಸಿನ ನಾಲ್ವರು: ಎಡ್ವಿನ್, ನಾರ್ಮನ್, ಲೆಟಿ, ಮಾರ್ಸಿಯಾ. ಅವರು ಮಾಡುವ ಕೆಲಸವೇನೆಂದು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. ಇಬ್ಬರು ಹೆಂಗಸರು ನಿವೃತ್ತರಾಗುವ ದಿನ ಬೀಳ್ಕೊಡುಗೆಯ ಮಾತಾಡಲು ಬಂದ ಮೇಲಧಿಕಾರಿಗೂ ಅದು ಗೊತ್ತಿಲ್ಲ. ಮಾರ್ಸಿಯಾಗೆ ಸ್ತನದ ಶಸ್ತ್ರಚಿಕಿತ್ಸೆಯಾಗಿದೆ. ಪಿಮ್ ಅವರಿಗೂ 1971ರಲ್ಲಿ ಕ್ಯಾನ್ಸರ್‌ಗಾಗಿ ಅದೇ ಚಿಕಿತ್ಸೆಯಾಗಿತ್ತು, 1974ರಲ್ಲಿ ಪಾರ್ಶ್ವವಾಯುವೂ ತಗುಲಿತ್ತು. ಮಾರ್ಸಿಯಾ ಹಾಲಿನ ಖಾಲಿ ಬಾಟಲಿಗಳನ್ನು ತೊಳೆದು ಹಿತ್ತಿಲ ಶೆಡ್ಡಿನಲ್ಲಿ ಸಾಲಾಗಿ ಜೋಡಿಸಿಡುತ್ತಾಳೆ. ಯುದ್ಧಕಾಲದಲ್ಲಿ ಬಾಟಲಿ ಕೊಡದಿದ್ದರೆ ಹಾಲು ಸಿಗುತ್ತಿರಲಿಲ್ಲ, ಅಂಥ ಕಾಲ ಮತ್ತೆ ಬಂದರೆ ಎಂಬ ಭಯ. ಕಪಾಟಿನ ತುಂಬ ಡಬ್ಬಿಯ ಆಹಾರ ಕೂಡಿಟ್ಟಿದ್ದಾಳೆ, ಆದರೆ ತಾನು ಉಣ್ಣುವುದನ್ನೇ ಬಿಟ್ಟು ಕೃಶಳಾಗಿ ಸಾಯುತ್ತಾಳೆ. ನೆರೆಯವರಿದ್ದಾರೆ, ಸಮಾಜ ಕಲ್ಯಾಣದ ಕಾರ್ಯಕರ್ತೆ ಬಂದು ಬಂದು ಹೋಗುತ್ತಾಳೆ, ಸಹೋದ್ಯೋಗಿಗಳು ಒಮ್ಮೆ ಊಟಕ್ಕೂ ಕರೆಯುತ್ತಾರೆ. ಎಲ್ಲರೂ ನೋಡುತ್ತಾರೆ, ಯಾರಿಗೂ ಕಾಣುವುದಿಲ್ಲ. ಮಿಲ್‌ಡ್ರೆಡ್ ಇದ್ದಿದ್ದರೆ ಒಂದು ಕಪ್ ಚಹಾ ಹಿಡಿದುಕೊಂಡು ಆ ಮನೆಯ ಬಾಗಿಲಿಗೆ ಹೋಗುತ್ತಿದ್ದಳು ಎಂದು ನನಗೆ ಓದುವಾಗೆಲ್ಲ ಅನ್ನಿಸಿದೆ. 1952ರ ಲಂಡನ್ನಿನಲ್ಲಿ ಚರ್ಚಿನ ಹೆಂಗಸರು ಮಾಡುತ್ತಿದ್ದ ಆ ಕೆಲಸವನ್ನು 1977ರಲ್ಲಿ ಸರ್ಕಾರಿ ನಮೂನೆಗಳು ವಹಿಸಿಕೊಂಡಿವೆ.

ಇದನ್ನು ಅವರು ಪ್ರಕಟಣೆಯ ಭರವಸೆಯೇ ಇಲ್ಲದೆ ಬರೆದರು. ನನ್ನ ಮಟ್ಟಿಗೆ ಅದು ಆ ಪುಸ್ತಕದ ಪ್ರತಿ ವಾಕ್ಯದಲ್ಲೂ ಇದೆ: ಯಾರನ್ನೂ ರಂಜಿಸಬೇಕಾಗಿಲ್ಲದ ವಾಕ್ಯಗಳು. ಹಾಗಿದ್ದರೂ ಕೊನೆಯ ಪುಟದಲ್ಲಿ ಲೆಟಿ, ಎಲ್ಲಿರಬೇಕೆಂಬ ಆಯ್ಕೆ ಈಗ ತನ್ನ ಕೈಯಲ್ಲಿದೆ, ಬದುಕು ಇನ್ನೂ ಬದಲಾಗಬಹುದು ಎಂದುಕೊಳ್ಳುತ್ತಾಳೆ. ಅದು ಹುಸಿ ಸಮಾಧಾನವಾಗಿ ನನಗೆ ಕಂಡಿಲ್ಲ, ಏಕೆಂದರೆ ಅವಳಿಗೆ ಸಿಕ್ಕ ಆಯ್ಕೆ ನಿಜಕ್ಕೂ ಅಷ್ಟು ಚಿಕ್ಕದು ಮತ್ತು ಅಷ್ಟೇ ನಿಜವಾದದ್ದು.

ಆಕ್ಸ್‌ಫರ್ಡ್‌ಶೈರ್ ಕನ್ನಡಿಗ

ಚರ್ಚೆಯನ್ನು ಮೌನವಾಗಿ ಓದುತ್ತಿದ್ದೆ. ಕೊನೆಯ ವರ್ಷಗಳ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಪಾರ್ಶ್ವವಾಯುವಿನ ಬಳಿಕ ಪಿಮ್ ನೌಕರಿ ಬಿಟ್ಟು, ಹಿಲರಿಯ ಜೊತೆ ಆಕ್ಸ್‌ಫರ್ಡಿಗೆ ಸಮೀಪದ ಫಿನ್‌ಸ್ಟಾಕ್ ಎಂಬ ಹಳ್ಳಿಯ ಬಾರ್ನ್ ಕಾಟೇಜಿನಲ್ಲಿ ನೆಲೆಸಿದರು. ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲೇ ಅವರ ಸಮಾಧಿ ಇದೆ. ಕವಿ ಟಿ. ಎಸ್. ಎಲಿಯಟ್ 1927ರಲ್ಲಿ ದೀಕ್ಷಾಸ್ನಾನ ಪಡೆದದ್ದೂ ಇದೇ ಚರ್ಚಿನಲ್ಲಿ. 1979ರಲ್ಲಿ ಕ್ಯಾನ್ಸರ್ ಮರುಕಳಿಸಿದಾಗಲೂ ಅವರು ಹಳ್ಳಿಯ ಬದುಕನ್ನು ಕುರಿತ 'ಎ ಫ್ಯೂ ಗ್ರೀನ್ ಲೀವ್ಸ್' ಬರೆದು ಮುಗಿಸುವ ಕೆಲಸದಲ್ಲಿದ್ದರು. 1980ರ ಜನವರಿ 11ರಂದು ಆಕ್ಸ್‌ಫರ್ಡಿನ ಸಾವಿನಂಚಿನ ರೋಗಿಗಳನ್ನು ಆರೈಕೆ ಮಾಡುವ ಹಾಸ್ಪಿಸ್‌ನಲ್ಲಿ ತೀರಿಕೊಂಡರು. ಮರಳಿ ಬಂದ ಮನ್ನಣೆಯನ್ನು ಅನುಭವಿಸಲು ಅವರಿಗೆ ಸಿಕ್ಕದ್ದು ಮೂರೇ ವರ್ಷ.

ಅವರ ಹಸ್ತಪ್ರತಿಗಳೂ ಟಿಪ್ಪಣಿ ಪುಸ್ತಕಗಳೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿವೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಚರ್ಚಿನಲ್ಲಿ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ಅವರು ಸಣ್ಣ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಲಂಡನ್ನಿನ ಬಾರ್ನ್ಸ್ ಬಡಾವಣೆಯಲ್ಲಿದ್ದಾಗ ಅಕ್ಕತಂಗಿಯರು ನೆರೆಯ ಮನೆಯವರ ಬಗ್ಗೆ ಕುತೂಹಲ ತಾಳಲಾರದೆ ಅವರ ಜಾಡು ಹಿಡಿದು ಹೋಗುತ್ತಿದ್ದದ್ದುಂಟು. 'ನೋ ಫಾಂಡ್ ರಿಟರ್ನ್ ಆಫ್ ಲವ್'ನ (1961) ಡಲ್ಸಿ ಮ್ಯಾನರಿಂಗ್ ಇದೇ ಅಭ್ಯಾಸದವಳು. ಪದಸೂಚಿ ತಯಾರಿಸುವುದೇ ವೃತ್ತಿಯಾದ ಅವಳು ತಾನು ಮೆಚ್ಚಿದ ವಿದ್ವಾಂಸನ ಮನೆ, ಅಣ್ಣತಮ್ಮ, ತಾಯಿ ಎಲ್ಲರ ಮಾಹಿತಿಯನ್ನೂ ಡೈರೆಕ್ಟರಿಗಳಿಂದ ಹೆಕ್ಕಿ ಹೆಕ್ಕಿ ತೆಗೆಯುತ್ತಾಳೆ.

1977ರ ಬುಕರ್ ಬಗ್ಗೆ ಒಂದು ಅಡ್ಡಮಾತು: ಆ ವರ್ಷ ತೀರ್ಪುಗಾರರ ಮಂಡಳಿಯ ಅಧ್ಯಕ್ಷರು ಲಾರ್ಕಿನ್ ಅವರೇ. ಪ್ರಶಸ್ತಿ ಹೋದದ್ದು ಸ್ವಾತಂತ್ರ್ಯಾನಂತರವೂ ಭಾರತದಲ್ಲೇ ಉಳಿದ ಬ್ರಿಟಿಷ್ ದಂಪತಿಯ ಕಥೆ ಹೇಳುವ ಪಾಲ್ ಸ್ಕಾಟ್ ಅವರ ಕಾದಂಬರಿಗೆ.

ಮರುಪ್ರಶ್ನೆ

ಓಲಾಟುಂಡೆಯವರ ಪ್ರಸಂಗದ ಬಗ್ಗೆ ನೀವು ಬರೆದದ್ದನ್ನು ಓದಿದ ಮೇಲೆ ಆ ಅಧ್ಯಾಯವನ್ನು ಮತ್ತೆ ತೆಗೆದು ನೋಡಿದೆ. ಲೆಟಿಯ ಹಿಂಜರಿಕೆಯನ್ನು ಲೇಖಕಿ ತನ್ನದಾಗಿಸಿಕೊಂಡಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಓಲಾಟುಂಡೆ ದಂಪತಿಯ ಮನಸ್ಸಿನೊಳಗೆ ಕಾದಂಬರಿ ಒಮ್ಮೆಯೂ ಹೋಗುವುದಿಲ್ಲ ಎಂಬ ನನ್ನ ಆಕ್ಷೇಪ ಉಳಿದೇ ಇದೆ.

ನಿಧಾನ ಓದು

ಅದು ಉಳಿಯಬೇಕಾದ ಆಕ್ಷೇಪವೇ. ಪಿಮ್ ತಮಗೆ ಗೊತ್ತಿಲ್ಲದವರ ಮನಸ್ಸಿನೊಳಗೆ ಹೋಗುವ ಗೋಜಿಗೆ ಹೋದವರಲ್ಲ. ಅದು ಅವರ ಮಿತಿ, ಹಾಗೆಯೇ ಅವರ ಪ್ರಾಮಾಣಿಕತೆ ಕೂಡ.

ಹೊಸ ಸದಸ್ಯೆಯವರಿಗೆ ಮುಂದಿನ ಓದಿಗೆ 'ಎ ಗ್ಲಾಸ್ ಆಫ್ ಬ್ಲೆಸಿಂಗ್ಸ್' (1958) ಸೂಚಿಸುತ್ತೇನೆ. ನಿರೂಪಕಿ ವಿಲ್ಮೆಟ್ ಫೋರ್ಸಿತ್ ಸುಂದರಿ, ಅನುಕೂಲಸ್ಥೆ, ವಿವಾಹಿತೆ. ಗೆಳತಿಯ ಅಣ್ಣನಾದ ಪಿಯರ್ಸ್ ತನ್ನನ್ನು ಪ್ರೀತಿಸುತ್ತಿದ್ದಾನೆಂದು ನಂಬಿ ಆತನ ಮನೆಗೆ ಹೋದರೆ, ಅಲ್ಲಿ ಆತನ ಜೊತೆ ಬಾಳುತ್ತಿರುವ ಕೀತ್ ಚಹಾ ಕೊಟ್ಟು ಸತ್ಕರಿಸುತ್ತಾನೆ. ಹೆಣಿಗೆಯ ಮಾದರಿ ಪುಸ್ತಕಗಳಿಗೆ ಸ್ವೆಟರ್ ತೊಟ್ಟು ಫೋಟೊ ತೆಗೆಸಿಕೊಳ್ಳುವ, ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಸಾದಾ ಹುಡುಗ. ಗಂಡಸರ ನಡುವಿನ ಇಂಥ ಸಂಬಂಧ ಇಂಗ್ಲೆಂಡಿನಲ್ಲಿ ಅಪರಾಧವಾಗಿಯೇ ಇದ್ದ ಕಾಲವದು, ಕಾನೂನು ಸಡಿಲವಾದದ್ದು 1967ರಲ್ಲಿ. ಪಿಮ್ ಅದನ್ನು ಹಗರಣವಾಗಿಯೂ ಬರೆಯಲಿಲ್ಲ, ಉಪದೇಶವಾಗಿಯೂ ಬರೆಯಲಿಲ್ಲ. ತಾನು ಎಷ್ಟು ಸ್ವಲ್ಪ ನೋಡಿದ್ದೆ ಎಂಬುದು ವಿಲ್ಮೆಟ್‌ಗೆ ಆ ಚಹಾದ ಮೇಜಿನಲ್ಲಿ ತಿಳಿಯುತ್ತದೆ, ಮತ್ತು ಅವಳು ಕೀತ್‌ನನ್ನು ಇಷ್ಟಪಡಲು ಆರಂಭಿಸುತ್ತಾಳೆ. ರಾಜಕೀಯ ಪಿಮ್ ಕಾದಂಬರಿಗಳಲ್ಲಿ ಇಲ್ಲವೆನ್ನುವವರು ಆ ಅಧ್ಯಾಯವನ್ನು ಓದಿದ ಮೇಲೆ ಇಲ್ಲಿ ಬಂದು ಬರೆದರೆ ಮಾತು ಮುಂದುವರಿಸೋಣ.